ಎತ್ತಿನ ಅಸಹಜ ಸಾವು

ನಮ್ಮ ವಿಜಯಪುರದಲ್ಲಿ ಒಂದು ಎತ್ತಿನ ಸಾವಿಗೆ ಯುಡಿಆರ್ ಆಗಿದೆ. ಅಂದರೆ ಅಸಹಜ ಸಾವು ಪ್ರಕರಣ. ಅದಕ್ಕೊಂದು ನಂಬರ್ ಇದೆ, ಫೈಲ್ ಇದೆ, ಪಂಚನಾಮೆ ಇದೆ, ಇಬ್ಬರು ಪಂಚರ ಸಹಿ ಇದೆ. ಪಂಚರಲ್ಲಿ ಒಬ್ಬರು ಪಾನ್ ಅಂಗಡಿಯವರು, ಇನ್ನೊಬ್ಬರು ಅಲ್ಲಿಗೆ ಪಾನ್ ಹಾಕಲು ಬಂದು ಸಿಕ್ಕಿಬಿದ್ದವರು. ಬದುಕಿದ್ದಷ್ಟು ದಿನ ನೇಗಿಲು ಎಳೆದ ಎತ್ತು, ಸತ್ತ ಮೇಲೆ ಸರ್ಕಾರಿ ದಾಖಲೆಯಲ್ಲಿ 'ಅಪರಿಚಿತ ವ್ಯಕ್ತಿ' ಅಂತ ಬಡ್ತಿ ಪಡೆಯಿತು.

ಆಗಿದ್ದಿಷ್ಟು. ಊರಾಚೆಯ ಲೇಔಟ್ ಒಂದರಲ್ಲಿ ಒಳಚರಂಡಿ ಪೈಪಿಗೆ ಅಂತ ಜೆಸಿಬಿ ಅಗೆಯುತ್ತಿತ್ತು. ಡಾಂಬರು ಆರುವ ಮೊದಲೇ ರಸ್ತೆ ಅಗೆಯುವುದು ನಮ್ಮಲ್ಲಿ ಹೊಸದಲ್ಲ, ಅದನ್ನು ಬಿಡಿ. ಎರೆಮಣ್ಣಿನ ಜೊತೆ ಒಂದು ಎಲುಬು ಮೇಲೆ ಬಂತು. ಡ್ರೈವರ್ ಹುಡುಗ ಹೆದರಿ ಕೆಳಗಿಳಿದ. ಸೂಪರ್‌ವೈಸರ್ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಿದ. ಪೊಲೀಸರಿಗೆ ಫೋನ್ ಮಾಡಬೇಕು ಅಂತ ಯಾರಿಗಾದರೂ ಹೊಳೆಯುವಷ್ಟರಲ್ಲಿ ಪೊಲೀಸರೇ ಬಂದರು. ಅವರೂ ಅದೇ ಗ್ರೂಪಿನಲ್ಲಿದ್ದರು.

ನಾನೂ ಹೋಗಿ ನೋಡಿದೆ. ಗೇಣುದ್ದದ ಎಲುಬು, ಮಣ್ಣಿನಲ್ಲಿದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ತುದಿ ಚಪ್ಪಟೆ. ಇನ್ನೊಂದು ತುದಿಯಲ್ಲಿ ಬಾವಿಯ ರಾಟೆಯಂಥ ಎರಡು ಗುಂಡು, ಅವುಗಳ ನಡುವೆ ಉಗುರು ಹೋಗುವಷ್ಟು ಸೀಳು. ಮುಂದುಗಡೆ ಉದ್ದಕ್ಕೂ ಒಂದು ಸಣ್ಣ ಗೆರೆ. ಗುಂಪಿನಲ್ಲಿದ್ದ ಮುತ್ಯಾ ಒಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದವರೇ ಹೇಳಿದರು: "ಎತ್ತಿಂದ್ರೀ ಸಾಹೇಬ್ರ. ಮುಂಗಾಲಿಂದು. ಗೊರಸು ಎರಡಿರ್ತಾವಲ್ರೀ, ಅದಕ್ಕ ತುದಿನೂ ಎರಡು. ಇದು ಮೊದ್ಲ ಹೊಲ ಇತ್ರಿ, ಎತ್ತು ಸತ್ರ ಬದುವಿನ ಬಾಜೂಕ ಹುಗೀತಿದ್ರು."

"ಯಜಮಾನ್ರ, ನೀವು ಡಾಕ್ಟರೇನು?"

"ಅಲ್ರೀ."

"ಮತ್ತ ಹಿಂದ ಸರೀರಿ."

ಮುತ್ಯಾ ಹಿಂದೆ ಸರಿದರು. ಮಟನ್ ಅಂಗಡಿಯ ಕಾಕಾ ಕೂಡ ಅಲ್ಲೇ ಇದ್ದ. ದಿನಾ ಬೆಳಗ್ಗೆ ಎದ್ದರೆ ಎಲುಬಿನ ಜೊತೆಗೇ ಬದುಕು ಅವನದು. ಆದರೆ ಅವನು ಬಾಯಿ ಬಿಡಲಿಲ್ಲ. ಬುದ್ಧಿವಂತ. ನಮ್ಮ ಕಾಲದಲ್ಲಿ ಎಲುಬಿನ ಬಗ್ಗೆ ಜಾಸ್ತಿ ಗೊತ್ತಿದೆ ಅಂತ ತೋರಿಸಿಕೊಳ್ಳುವುದು ಕ್ಷೇಮವಲ್ಲ ಅಲ್ವಾ.

ಮುತ್ಯಾ ಹೇಳಿದ್ದು ಪುಸ್ತಕದಲ್ಲೂ ಹಾಗೇ ಇದೆ. ಮನುಷ್ಯನ ಅಂಗೈಯಲ್ಲಿ ಐದು ಸಣ್ಣ ಎಲುಬು ಬೇರೆ ಬೇರೆಯಾಗಿ ಇರುತ್ತವೆ. ದನ, ಎಮ್ಮೆ, ಕುರಿ, ಆಡುಗಳಲ್ಲಿ ಅದೇ ಜಾಗದ ಎರಡು ಎಲುಬು ಕೂಡಿ ಒಂದೇ ಗಟ್ಟಿ ಕಂಬ ಆಗಿರುತ್ತದೆ. ಆ ಗೆರೆ ಇದೆಯಲ್ಲ, ಅದೇ ಕೂಡಿದ ಗುರುತು. ವಯಸ್ಕ ಮನುಷ್ಯನ ಮೈಯಲ್ಲಿರುವ 206 ಎಲುಬುಗಳನ್ನು ಹರಡಿಕೊಂಡು ಕೂತರೂ ಇಂಥದ್ದೊಂದು ಸಿಗುವುದಿಲ್ಲ.

ಹಾಗಂತ ಯಾವಾಗಲೂ ಇಷ್ಟು ಸುಲಭ ಇರುವುದಿಲ್ಲ, ಅದನ್ನೂ ಹೇಳಬೇಕು. ಪುಡಿಯಾದ ಎಲುಬು, ಸುಟ್ಟ ಎಲುಬು ಸಿಕ್ಕರೆ ಕಷ್ಟ. ಚರ್ಮ ಸುಲಿದ ಕರಡಿಯ ಪಂಜ ನೋಡಿ ಮನುಷ್ಯನ ಕೈ ಅಂತ ತಿಳಿದವರು ಲೋಕದ ತುಂಬಾ ಇದ್ದಾರೆ. ಆಗ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೇಗ ಬೆಳೆಯುವ ದೊಡ್ಡ ಪ್ರಾಣಿಗಳ ಎಲುಬಿನಲ್ಲಿ ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಸಾಲು ಸಾಲು ಕಾಣುತ್ತದೆ, ವಯಸ್ಕ ಮನುಷ್ಯರಲ್ಲಿ ಅದು ಕಾಣುವುದು ತೀರಾ ಅಪರೂಪ. ಅದರಿಂದಲೂ ತೀರ್ಮಾನ ಆಗದಿದ್ದರೆ ಡಿಎನ್‌ಎ. ಅನುಮಾನ ಇದ್ದಾಗ ಲ್ಯಾಬಿಗೆ ಕಳಿಸಲೇಬೇಕು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಪ್ರಾಣಿಯದು ಅಂತ ಎಸೆದದ್ದು ಯಾರದೋ ಮನೆಯ ಮಗಳದಾಗಿದ್ದರೆ? ಆದರೆ ಇಲ್ಲಿ ಇಡೀ ಎಲುಬು ಒಂದು ಚೂರೂ ಮುಕ್ಕಾಗದೆ, ಗೊರಸಿನ ಲೆಕ್ಕ ಸಮೇತ, ಕಣ್ಣೆದುರಿಗೆ ಬಿದ್ದಿತ್ತು.

ಸರಿ, ಪಶುವೈದ್ಯರನ್ನು ಕರೆದರೆ ಆಯಿತಲ್ಲ ಅಂತ ನೀವು ಕೇಳಬಹುದು. ಅವರ ಆಸ್ಪತ್ರೆ ಇದ್ದದ್ದು ಅದೇ ರಸ್ತೆಯಲ್ಲಿ. ತೊಂದರೆ ಏನೆಂದರೆ, ಎಲುಬು ಪ್ರಾಣಿಯದು ಅಂತ ಸಾಬೀತಾಗುವ ತನಕ ಪಶುವೈದ್ಯರಿಗೆ ಪತ್ರ ಬರೆಯಲು ಬರುವುದಿಲ್ಲ. ಪ್ರಾಣಿಯದು ಅಂತ ಹೇಳಬಲ್ಲವರು ಅವರೇ. ಆದ್ದರಿಂದ ಎಲುಬು ಮನುಷ್ಯರ ಡಾಕ್ಟರ ಹತ್ತಿರ ಹೋಯಿತು. ಡಾಕ್ಟರು ನೋಡಿ ನಕ್ಕರಂತೆ. "ಬಾಯಲ್ಲಿ ಹೇಳ್ತೀನಿ, ಬರೆದು ಕೊಡು ಅನ್ನಬೇಡಿ" ಅಂದರಂತೆ. ನಾಳೆ ಯಾರಾದರೂ ಕೋರ್ಟಿನಲ್ಲಿ ನಿಲ್ಲಿಸಿ, ದನದ ಎಲುಬಿನ ಬಗ್ಗೆ ನಿಮ್ಮ ಎಂಬಿಬಿಎಸ್‌ನಲ್ಲಿ ಎಷ್ಟು ಪಾಠ ಇತ್ತು ಸ್ವಾಮಿ ಅಂತ ಕೇಳಿದರೆ? ಅವರ ಮಾತೂ ಸರಿ. ಕೊನೆಗೆ ಎಲುಬನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಸೀಲು ಒತ್ತಿ ಮುದ್ದೆಮಾಲು ಮಾಡಿ ಲ್ಯಾಬಿಗೆ ಕಳಿಸಿದರು.

ಜೊತೆಗೆ ಹೋದ ಪತ್ರದ ಪ್ರಶ್ನೆಗಳನ್ನು ಗೆಳೆಯರೊಬ್ಬರು ತೋರಿಸಿದರು. ಸದರಿ ಎಲುಬು ಮನುಷ್ಯನದೋ ಪ್ರಾಣಿಯದೋ? ಗಂಡೋ ಹೆಣ್ಣೋ? ವಯಸ್ಸು ಎಷ್ಟು? ಎತ್ತರ ಎಷ್ಟು? ಸತ್ತು ಎಷ್ಟು ದಿನವಾಯಿತು? ಸಾವಿಗೆ ಕಾರಣ ಏನು? ಮೊದಲನೇ ಪ್ರಶ್ನೆಯ ಉತ್ತರ ನೋಡಿ ಉಳಿದದ್ದು ಕೇಳಬಹುದಿತ್ತು, ಆದರೆ ಛಾಪಿಸಿದ ನಮೂನೆಗೆ ಕಾಯುವ ಅಭ್ಯಾಸ ಇಲ್ಲ. ಇನ್ನು ಕಲಂ ವಿಚಾರ. ಅಸಹಜ ಸಾವಿನ ವಿಚಾರಣೆಗೆ ಮೊದಲು ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 174 ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಬಂದಿದೆ. ಆತ್ಮಹತ್ಯೆ ಮಾಡಿಕೊಂಡವರು, ಇನ್ನೊಬ್ಬರಿಂದ ಸತ್ತವರು, ಯಂತ್ರದಿಂದ ಸತ್ತವರು, ಪ್ರಾಣಿಯಿಂದ ಸತ್ತವರು ಎಲ್ಲರ ಬಗ್ಗೆಯೂ ಅದರಲ್ಲಿ ಹೇಳಿದೆ. ಸತ್ತದ್ದೇ ಪ್ರಾಣಿಯಾದರೆ ಏನು ಮಾಡಬೇಕು ಅಂತ ಮಾತ್ರ ಹೇಳಿಲ್ಲ. ಕಾನೂನು ಬರೆದವರಿಗೆ ನಮ್ಮೂರಿನ ಶಕ್ತಿ ಗೊತ್ತಿರಲಿಲ್ಲ.

ಈ ನಡುವೆ ಊರು ಸುಮ್ನೆ ಕೂತಿರಲಿಲ್ಲ. ನಿಧಿ ತೆಗೆಯಲು ನರಬಲಿ ಕೊಟ್ಟಿದ್ದಾರೆ ಅಂತ ಒಂದು ಗುಂಪು. 1686ರಲ್ಲಿ ಔರಂಗಜೇಬನ ಮುತ್ತಿಗೆಯಲ್ಲಿ ಸತ್ತ ಆದಿಲ್‌ಶಾಹಿ ಸಿಪಾಯಿಯದು ಅಂತ ಇನ್ನೊಂದು ಗುಂಪು, ಅವರಲ್ಲಿ ಒಬ್ಬರು ಸಿಪಾಯಿಯ ದರ್ಜೆಯನ್ನೂ ಹೇಳಿಬಿಟ್ಟರು. ಸಂಜೆಗೆ ಟಿವಿಯವರ ಗಾಡಿ ಬಂತು. ಪರದೆಯ ತುಂಬಾ ಎಲುಬು, ಸುತ್ತ ಕೆಂಪು ವೃತ್ತ, ಅದರ ಪಕ್ಕ ಬಾಣ, ಬಾಣದ ತುದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ಎಲುಬಿನಿಂದ ಶುರುವಾಗಿ ಸೊಂಟ, ಎದೆ, ತಲೆ ಅಂತ ಒಬ್ಬ ಆಜಾನುಬಾಹು ಮನುಷ್ಯ ಗ್ರಾಫಿಕ್ಸ್‌ನಲ್ಲಿ ಎದ್ದು ನಿಂತ. ಉತ್ಖನನ ಮಾಡುವವರಲ್ಲಿ ಒಂದು ಹಳೆಯ ಅಭ್ಯಾಸ ಇದೆ. ಸಿಕ್ಕಿದ್ದು ಕಲ್ಲೋ ಎಲುಬೋ ಅನ್ನುವ ಅನುಮಾನ ಬಂದರೆ ನಾಲಿಗೆಗೆ ತಾಗಿಸಿ ನೋಡುತ್ತಾರೆ. ಹಳೆಯ ಎಲುಬಿನಲ್ಲಿ ಸಣ್ಣ ಸಣ್ಣ ತೂತು ಇರುವುದರಿಂದ ನಾಲಿಗೆಗೆ ಅಂಟುತ್ತದೆ. ನಮ್ಮ ನಿರೂಪಕರದು ಅದಕ್ಕಿಂತ ಮುಂದುವರಿದ ವಿಧಾನ. ಬೆಂಗಳೂರಿನಲ್ಲಿ ಕೂತು ನಾಲಿಗೆ ಮಾತ್ರ ಆಡಿಸಿ ವಿಜಯಪುರದ ಎಲುಬಿನ ಹೆಸರು, ವಯಸ್ಸು, ಕೊಂದವನ ಉದ್ದೇಶ ಎಲ್ಲಾ ಹೇಳುತ್ತಾರೆ. ನಾಲಿಗೆಗೆ ಎಲುಬಿಲ್ಲದಿದ್ದರೂ ಎಲುಬಿನ ಮೇಲೆ ಅದಕ್ಕೆಷ್ಟು ಹಿಡಿತ!

ಪಾಪ, ಅವರನ್ನೇ ಬೈದು ಪ್ರಯೋಜನ ಇಲ್ಲ. 1922ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಕ್ಕಿದ್ದ ಒಂದೇ ಒಂದು ಹಲ್ಲು ನೋಡಿ ಆದಿಮಾನವನ ನೆಂಟ ಸಿಕ್ಕ ಅಂತ ದೊಡ್ಡ ವಿಜ್ಞಾನಿಗಳೇ ಕುಣಿದಿದ್ದರು. ಲಂಡನ್ನಿನ ಒಂದು ಚಿತ್ರಪತ್ರಿಕೆ ಆ ಹಲ್ಲಿನಿಂದ ಗಂಡ ಹೆಂಡತಿ ಇಬ್ಬರನ್ನೂ ಬರೆಸಿ ಅಚ್ಚುಹಾಕಿತು. 1927ರಲ್ಲಿ ಗೊತ್ತಾಯಿತು, ಅದು ಹಂದಿಯ ದೂರದ ಬಂಧು ಪೆಕರಿಯ ಹಲ್ಲು. ಅವರಾದರೂ ಒಪ್ಪಿಕೊಂಡು ವಾಪಸ್ ತೆಗೆದುಕೊಂಡರು. ನಮ್ಮ ಗ್ರಾಫಿಕ್ಸ್ ಮನುಷ್ಯ ಇನ್ನೂ ಯೂಟ್ಯೂಬಿನಲ್ಲಿ ಓಡಾಡಿಕೊಂಡಿದ್ದಾನೆ.

ಆ ಗದ್ದಲದಲ್ಲಿ ಟೇಪಿನ ಆಚೆ ಒಬ್ಬ ತಾಯಿ ನಿಂತಿದ್ದರು. ಮಗ ಗೌಂಡಿ ಕೆಲಸಕ್ಕೆ ಅಂತ ಗೋವಾಕ್ಕೆ ಹೋದವನು, ಫೋನ್ ಬಂದಾಗಿ ವರ್ಷದ ಮೇಲಾಯಿತು. ಕಾಣೆಯಾದ ದೂರು ಕೊಡಲು ಹೋದಾಗ, "ಹುಡುಗ್ರು ಹಂಗ ಇರ್ತಾವು, ರೊಕ್ಕ ಖಾಲಿ ಆದ್ರ ಬರ್ತಾನ, ಹೋಗವ್ವ" ಅಂತ ಕಳಿಸಿದ್ದರಂತೆ. ಸೆರಗಿನ ಗಂಟಿನಲ್ಲಿ ಅವನ ಪಾಸ್‌ಪೋರ್ಟ್ ಸೈಜಿನ ಫೋಟೋ ಇತ್ತು. ಮೈಕು ಹಿಡಿದ ಹುಡುಗ, "ಅಮ್ಮಾ, ಇದು ನಿಮ್ಮ ಮಗನ ಎಲುಬು ಅನ್ಸುತ್ತಾ?" ಅಂತ ಕೇಳಿದ. "ಎಲುಬು ನೋಡಿ ಹೆಂಗ ಹೇಳ್ಲೋ ತಮ್ಮಾ. ಮಾರಿ ಇದ್ರ ಹೇಳ್ತಿದ್ದೆ" ಅಂದರು. ಅದನ್ನು ಟಿವಿಯಲ್ಲಿ ಹಾಕಲಿಲ್ಲ. ಅಳಲಿಲ್ಲವಲ್ಲ.

ಮಗ ಕಾಣೆಯಾದಾಗ ಬಾರದಿದ್ದ ಜೀಪು ಎತ್ತಿನ ಎಲುಬಿಗೆ ಬಂತು. ಒಂದಲ್ಲ, ಎರಡು. ರಾತ್ರಿಯಿಡೀ ಬಂದೋಬಸ್ತು. ಮರುದಿನ ಇಡೀ ತಾಲೂಕಿನ ಕಾಣೆಯಾದವರ ಫೈಲುಗಳ ಧೂಳು ಕೊಡವಿದರು. ಈ ತಾಯಿಯನ್ನೂ ಕರೆಸಿ, ಡಿಎನ್‌ಎ ಹೊಂದಿಸಿ ನೋಡಲು ರಕ್ತ ಕೊಡಬೇಕಾದೀತು ಅಂದರು. ಎತ್ತಿನ ಎಲುಬಿಗೂ ಆಕೆಯ ರಕ್ತಕ್ಕೂ ತಾಯಿ ಮಗನ ಸಂಬಂಧ ಇದೆಯಾ ಅಂತ ನೋಡುವುದಕ್ಕೆ! ಹೊರಗೆ ಬಂದಾಗ ಅದೇ ಮುತ್ಯಾ ಕರೆದು ಮೆಲ್ಲಗೆ ಹೇಳಿದರು: "ತಂಗೀ, ಅದು ಎತ್ತಿಂದೈತಿ. ನೀ ಮನಿಗೆ ಹೋಗಿ ಒಂದೀಟು ಉಣ್ಣು." ಆಕೆ ನಂಬಿದರು. ಇಡೀ ಪ್ರಕರಣದಲ್ಲಿ ಸರ್ಟಿಫಿಕೇಟ್ ಕೇಳದೆ ಮುತ್ಯಾನನ್ನು ನಂಬಿದವರು ಅವರೊಬ್ಬರೇ.

ವರದಿ ಬರಲು ತಿಂಗಳುಗಳೇ ಹಿಡಿದವು. ತಡವಾಯಿತು ಅಂತ ಗೊಣಗುವವರಿಗೆ ಒಂದು ಸಮಾಧಾನ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ಷಾಯಿಖ್ಜರ್ ಅಂತ ಒಬ್ಬ ವೈದ್ಯ ಇದ್ದ. ಕಲ್ಲಿನಲ್ಲಿ ಅಚ್ಚಾದ ಒಂದು ಅಸ್ಥಿಪಂಜರ ನೋಡಿ, ನೋಹನ ಕಾಲದ ಪ್ರಳಯದಲ್ಲಿ ಮುಳುಗಿ ಸತ್ತ ಪಾಪಿ ಮನುಷ್ಯ ಇವನೇ ಅಂತ 1726ರಲ್ಲಿ ಸಾರಿದ. ಅದನ್ನು ಕ್ಯುವಿಯೇ ಅನ್ನುವ ಫ್ರೆಂಚ್ ವಿಜ್ಞಾನಿ 1811ರಲ್ಲಿ ನೋಡಿ, ಕಲ್ಲು ಕೆತ್ತಿ ಮುಂಗಾಲು ತೋರಿಸಿ, ಇದು ಸಾಲಮ್ಯಾಂಡರ್, ನೀರಿನಲ್ಲಿ ಬದುಕುವ ಪ್ರಾಣಿ ಅಂದ. 85 ವರ್ಷ ಬೇಕಾಯಿತು. ನೀರಿನಲ್ಲೇ ಬದುಕುವ ಪ್ರಾಣಿ ನೀರಿನಲ್ಲಿ ಮುಳುಗಿ ಸತ್ತಿತು ಅಂತ ಯುರೋಪಿನಲ್ಲಿ ಹಲವರು ನಂಬಿದ್ದರು. ನಮ್ಮವರು ಅಷ್ಟು ತಡ ಮಾಡಲಿಲ್ಲ.

ವರದಿ ಎರಡು ಸಾಲಿನದು. ಮನುಷ್ಯನದಲ್ಲ. ದನದ ವರ್ಗಕ್ಕೆ ಸೇರಿದ ಪ್ರಾಣಿಯದು.

ಊರಿಗೆ ಏನು ನಿರಾಸೆ ಅಂತೀರಿ! ಯಾರೋ ಕೊಲೆಯಾಗಿಲ್ಲ ಅಂತ ತಿಳಿದು ಇಷ್ಟು ಜನ ಬೇಜಾರು ಮಾಡಿಕೊಂಡಿದ್ದನ್ನು ನಾನು ನೋಡಿರಲಿಲ್ಲ. ಟಿವಿಯವರು ಒಂದು ಸಾಲಿನ ಸುದ್ದಿಯನ್ನೂ ಹಾಕಲಿಲ್ಲ. ಕುರಿಯದಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಎಲ್ಲಿ ಉಂಡು ಎಸೆದರು, ನಮ್ಮನ್ಯಾಕೆ ಕರೆಯಲಿಲ್ಲ ಅನ್ನುವುದಷ್ಟೇ ತಕರಾರು. ಆದರೆ ಇದು ದನದ ವರ್ಗ. ಎರಡೇ ದಿನದಲ್ಲಿ ಇನ್ನೊಂದು ಬಗೆಯ ಜನ ಬಂದರು. ಹಸುವೋ, ಎತ್ತೋ, ಎಮ್ಮೆಯೋ? ಸತ್ತದ್ದೋ, ಕಡಿದದ್ದೋ?

2020ರ ಗೋಹತ್ಯೆ ತಡೆ ಕಾಯ್ದೆಯ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಹಾಗಾಗಿ ಮತ್ತೊಂದು ಪತ್ರ ಹೋಯಿತು: ಸದರಿ ಪ್ರಾಣಿ ಎಮ್ಮೆಯಾಗಿದ್ದಲ್ಲಿ ಸಾಯುವಾಗ ಅದರ ವಯಸ್ಸು 13 ದಾಟಿತ್ತೇ? ಈಗ ಕೇಳಿ. ಆ ಎಲುಬಿನ ತುದಿ ಎರಡು ಮೂರು ವರ್ಷದೊಳಗೆ ಬೆಳೆದು ಕೂಡಿಕೊಂಡುಬಿಡುತ್ತದೆ. ಆಮೇಲೆ ಅದನ್ನು ನೋಡಿ ಹನ್ನೆರಡೋ ಹದಿನಾಲ್ಕೋ ಅಂತ ಹೇಳಲು ಯಾವ ಲ್ಯಾಬಿನಿಂದಲೂ ಆಗದು. ದನ ಮತ್ತು ಎಮ್ಮೆಯ ಎಲುಬಿನ ನಡುವೆ ಬರೀ ಕಣ್ಣಿಗೆ ವ್ಯತ್ಯಾಸ ತಿಳಿಯುವುದೂ ಕಷ್ಟ, ಅದಕ್ಕೆ ಡಿಎನ್‌ಎ ಆಗಬೇಕು. ಮನುಷ್ಯನದೋ ಪ್ರಾಣಿಯದೋ ಅನ್ನುವ ಐದು ನಿಮಿಷದ ಪ್ರಶ್ನೆಗೇ ಇಷ್ಟು ತಿಂಗಳಾದರೆ, ನಿಜವಾಗಿ ಕಠಿಣವಾದ ಪ್ರಶ್ನೆಗೆ ಎಷ್ಟಾಗಬಹುದು ಅಂತ ಗುತ್ತಿಗೆದಾರ ಕೇಳಿದ. ಅವನ ಚರಂಡಿ ಅಷ್ಟರಲ್ಲಿ ಮಳೆನೀರು ತುಂಬಿ ಕೆರೆಯಾಗಿತ್ತು. ಪಕ್ಕದ ಸೈಟಿನವರು ತಮ್ಮ ಜಾಗದ ರೇಟು ಬಿತ್ತು ಅಂತ ಅರ್ಜಿ ಕೊಟ್ಟರು. ಆ ಫೈಲೂ ಇದೇ ಫೈಲಿಗೆ ಸೇರಿತು.

ಯುಡಿಆರ್ ಇನ್ನೂ ಮುಚ್ಚಿಲ್ಲ. ಮೃತರ ವಾರಸುದಾರರ ಹೇಳಿಕೆ ಅನ್ನುವ ಕಾಲಮ್ಮು ಖಾಲಿ ಇದೆಯಂತೆ.

ಮೊನ್ನೆ ಕೆಲಸ ಮತ್ತೆ ಶುರುವಾಯಿತು. ಅದೇ ಸಾಲಿನಲ್ಲಿ, ಸ್ವಲ್ಪ ಆಚೆ, ಇನ್ನೊಂದು ಎಲುಬು ಬಂದಿತ್ತು ಅಂತ ಚಹಾ ಅಂಗಡಿಯಲ್ಲಿ ಮಾತು. ಡ್ರೈವರ್ ಹುಡುಗ ಆ ಕಡೆ ಈ ಕಡೆ ನೋಡಿ, ಮೇಲೆ ಎರಡು ಬಕೆಟ್ ಮಣ್ಣು ಎಳೆದು ಮುಂದೆ ಹೋದನಂತೆ. ಅವನೇ ಸಿಕ್ಕಿದ್ದ, ಕೇಳಿದೆ. ಎತ್ತಿಂದಿತ್ತೇನೋ ಅಂದೆ.

"ನೋಡಾಕ ಹೋಗ್ಲಿಲ್ರೀ" ಅಂದ.