ಮರಗಸಿ ಲೆಕ್ಕ

ಸೋಮವಾರಪೇಟೆ ಹತ್ತಿರ ನಮ್ಮ ಚಿಕ್ಕಪ್ಪನಿಗೆ ಆರು ಎಕರೆ ಕಾಫಿ ತೋಟ. ಖರ್ಚನ್ನೆಲ್ಲ ಫೋನಿನಲ್ಲೇ ಎಕ್ಸೆಲ್‌ಗೆ ಹಾಕಿಡುತ್ತಾರೆ, ಕನ್ನಡದಲ್ಲಿ, ಬಾಯಿಗೆ ಬಂದ ಹಾಗೆ. ಮಾರ್ಚ್‌ನಲ್ಲಿ ರೊಬಸ್ಟಾ ಕುಯ್ದು ಕಣದಲ್ಲಿ ಹರವಿದ ಮೇಲೆ ನನ್ನನ್ನು ಹಿಡಿದರು. "ಯಾವುದಕ್ಕೆ ಎಷ್ಟು ಹೋಗಿದೆ ಅಂತ ಬೇರೆ ಮಾಡಿಕೊಡು. ಕಂಪ್ಯೂಟರ್ ಓದಿದವನಲ್ವಾ ನೀನು?"

ಆರುನೂರು ಚಿಲ್ಲರೆ ಸಾಲು. ಕೈಯಲ್ಲಿ ಮಾಡುವವನು ನಾನಲ್ಲ. ಎಕ್ಸೆಲ್ ಸೂತ್ರ ಬರೆದೆ: ಇಫ್, ಅದರೊಳಗೆ ಇಸ್‌ನಂಬರ್, ಅದರೊಳಗೆ ಸರ್ಚ್. ಪದ ಸಿಕ್ಕರೆ ಎಷ್ಟನೇ ಅಕ್ಷರದಲ್ಲಿದೆ ಅಂತ ಸರ್ಚ್ ಅಂಕಿ ಕೊಡುತ್ತದೆ, ಸಿಗದಿದ್ದರೆ ಎರರ್ ಕಾರುತ್ತದೆ. ಆ ಎರರಿನ ಬಾಯಿ ಮುಚ್ಚಿಸೋಕೆ ಇಸ್‌ನಂಬರ್.

ಮೊದಲು 'ಮೆಣಸು' ಹುಡುಕಿದೆ. 'ಮೆಣಸಿಗೆ ಬೋರ್ಡೋ ಹೊಡೆದದ್ದು' ಸಿಗಲಿಲ್ಲ. 'ಮೆಣಸಿನ ಬಳ್ಳಿ ಕಟ್ಟಿದ್ದು' ಕೂಡ ಇಲ್ಲ. 'ಸು' ಹೋಗಿ 'ಸಿ' ಆಗಿದೆ, ಕಂಪ್ಯೂಟರಿಗೆ ವಿಭಕ್ತಿ ಯಾರು ಹೇಳಿಕೊಟ್ಟಿದ್ದಾರೆ? ಕೊಂಬು ಕಿತ್ತು ಬರೀ 'ಮೆಣಸ' ಅಂತ ಕೊಟ್ಟೆ. ಎಲ್ಲ ಸಿಕ್ಕಿತು, ಜೊತೆಗೆ ಚಿಕ್ಕಮ್ಮನ ಕಾಲು ಕೇಜಿ ಹಸಿಮೆಣಸಿನಕಾಯಿಯೂ. ಇಫ್ ಸಾಲಿನಲ್ಲಿ ಮೊದಲು ಹೊಂದಿದ್ದೇ ಗೆಲ್ಲುವುದು, ಹಾಗಾಗಿ 'ಮೆಣಸಿನಕಾಯಿ'ಯನ್ನು ಮುಂದೆ ತಂದು ಅಡುಗೆಮನೆಗೆ ಕಳಿಸಿದೆ. ಇದೇ ಉಪಾಯ ಅಂತ ಎಲ್ಲ ಪದಗಳ ಬಾಲವನ್ನೂ ಸವರಿದೆ.

ಸಂಜೆ ಚಿಕ್ಕಪ್ಪ ಕನ್ನಡಕ ಏರಿಸಿ ಕೂತರು.

"ಅಡುಗೆಮನೆಗೆ ಹನ್ನೆರಡು ಸಾವಿರದ ಬೇಲಿ ಯಾಕೋ?"

ನೋಡಿದರೆ 'ಹಂದಿ ನುಗ್ಗಿ ಬೇಲಿ ರಿಪೇರಿ'. ಈ ಮನೆಯಲ್ಲಿ ಹಂದಿ ಅಂದರೆ ಕಾಚಂಪುಳಿ ಹಾಕಿದ ಸಾರು ಅಂತ ನಾನೇ ಬರೆದುಕೊಟ್ಟಿದ್ದೆ.

"ಮರಗಸಿಗೆ ಇಷ್ಟೊಂದಾ? ಈ ವರ್ಷ ಮರಗಸಿ ಮಾಡಿಸೇ ಇಲ್ಲವಲ್ಲೋ!"

ಹೌದು, ಮಳೆ ಹಿಡಿಯುವ ಮುಂಚೆ ನೆರಳಿನ ಮರ ಸವರುವ ಆಳು ಈ ಸಲ ಸಿಕ್ಕಿರಲಿಲ್ಲ. ನಾನು ಸುಮ್ನೆ 'ಮರ' ಅಂತ ಕೊಟ್ಟಿದ್ದೆ. ನಾಯಿಮರಿಯ ಇಂಜೆಕ್ಷನ್, ಒಂದು ಲೋಡ್ ಮರಳು, ಗೇಟಿನ ಕ್ಯಾಮರಾ, ಎಲ್ಲ ಅಲ್ಲಿ ಬಂದು ಕೂತಿದ್ದವು. ಅವುಗಳ ಕೆಳಗೆ ಒಂದೇ ಒಕ್ಕಣೆಯ ಏಳು ಸಾಲು: 'ಯಾಕೆ ಕೊಟ್ಟೆನೋ ಮರೆತೆ – 800'.

ಹಿಂದೆ ನಿಂತಿದ್ದ ಚಿಕ್ಕಮ್ಮ ಬಗ್ಗಿ ತಾರೀಕು ಓದಿದರು. "ಏಳೂ ಸೋಮವಾರವೇ ಅಲ್ವಾ? ಸಂತೆ ದಿನ?"

"ಮೋಡ ಕಟ್ಟಿದ ಹಾಗಿದೆ, ಕಣದಲ್ಲಿ ಕಾಫಿ ಉಂಟು" ಅನ್ನುತ್ತಾ ಚಿಕ್ಕಪ್ಪ ಎದ್ದರು. ಹೊರಗೆ ನಕ್ಷತ್ರ ಕಾಣುತ್ತಿತ್ತು.