ಪಂಪ್ ಬಿಟ್ಟಿದ್ದೀನಿ, ಹಾಲು ಬಿಡಿಸಿಲ್ಲ

ಇವತ್ತು ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತುವಾಗಲೇ ಕ್ಯಾಶ್ ಕೌಂಟರಿನ ಅಕ್ಕ ನನ್ನ ಕೈ ನೋಡಿದರು. ಎಡಗೈಯಲ್ಲಿ ಊಟದ ಡಬ್ಬಿ, ಬಲಗೈ ಖಾಲಿ. ಏಳೂವರೆ ತಿಂಗಳಿಂದ ಆ ಬಲಗೈಯಲ್ಲಿ ಒಂದು ಕಪ್ಪು ಬ್ಯಾಗ್ ನೇತಾಡುತ್ತಿತ್ತು, ಒಳಗೆ ಎದೆಹಾಲು ಹಿಂಡಿ ತೆಗೆಯೋ ಪಂಪು.

"ಅಯ್ಯ, ಕೂಸಿಗೆ ಹಾಲು ಬಿಡಿಸಿಬಿಟ್ರೇನ್ರೀ? ಇನ್ನೂ ಎಷ್ಟ್ ಸಣ್ಣದೈತಿ ಅದು!"

ಇದೇ ಅಕ್ಕ ಹೋದ ತಿಂಗಳು ಇದೇ ಮೆಟ್ಟಿಲ ಮೇಲೆ ನಿಂತು, "ವರ್ಷ ದಾಟೇತಿ, ಇನ್ನೂ ಕುಡಸ್ತೀರೇನು? ಅದಕ್ಕ ನೋಡ್ರಿ ಅನ್ನ ತಿನ್ನವಲ್ದು" ಅಂದಿದ್ದರು.

"ಪಂಪ್ ಬಿಟ್ಟಿದ್ದೀನಿ ಅಕ್ಕಾರೆ, ಹಾಲು ಬಿಡಿಸಿಲ್ಲ."

"ಹಂಗಂದ್ರ?"

ಹನ್ನೊಂದು ಗಂಟೆಯೊಳಗೆ ಇದನ್ನೇ ನಾಲ್ಕು ಜನಕ್ಕೆ ಬಿಡಿಸಿ ಹೇಳಿದೆ. ಐದನೆಯವರು ಬಂದಾಗ ಗೋಡೆಯ ಮೇಲಿನ ಬಡ್ಡಿ ದರದ ಬೋರ್ಡಿನ ಕೆಳಗೆ ಇದನ್ನೂ ಬರೆಸಿ ಹಾಕಿಬಿಡೋಣ ಅನ್ನಿಸಿತು. ಅರ್ಥ ಆಗದೇ ಇರುವಂಥದ್ದು ಇದರಲ್ಲಿ ಏನಿದೆ ಹೇಳಿ. ಮಗಳಿಗೆ ಈಗ ಹದಿನಾಲ್ಕು ತಿಂಗಳು. ಹಗಲು ಹೊತ್ತು ಬೇಳೆ ಅನ್ನ, ಹಾಲಲ್ಲಿ ನೆನೆಸಿದ ರೊಟ್ಟಿ, ಬಾಳೆಹಣ್ಣು, ಜೊತೆಗೆ ಅಜ್ಜನ ತಟ್ಟೆಯಿಂದ ಕಿತ್ತುಕೊಂಡಿದ್ದು. ನಾನು ಆಫೀಸಿಗೆ ಹೊರಡೋ ಮುಂಚೆ, ಬಂದ ಮೇಲೆ, ಮತ್ತೆ ರಾತ್ರಿಯೆಲ್ಲಾ ನನ್ನ ಹತ್ತಿರವೇ ಕುಡಿಯುತ್ತಾಳೆ. ಮಷೀನು ರಿಟೈರ್ ಆಗಿದೆ, ನಾನಿನ್ನೂ ಸರ್ವಿಸಿನಲ್ಲಿದ್ದೀನಿ. ಎರಡು ವರ್ಷದವರೆಗೂ, ಅದರಾಚೆಗೂ ಕುಡಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ನಮ್ಮತ್ತೆ ಆ ಸಂಸ್ಥೆಗಿಂತ ಒಂದು ಹೆಜ್ಜೆ ಮುಂದೆ. ಅವರ ಮಗ, ಅಂದರೆ ನನ್ನ ಗಂಡ, ಮೂರು ವರ್ಷ ಕುಡಿದಿದ್ದಾರಂತೆ. ಅಮ್ಮ ರೊಟ್ಟಿ ಬಡಿಯುತ್ತಾ ಕೂತಿದ್ದರೆ ತಾನೇ ಮಣೆ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದರಂತೆ. ಈ ಕತೆ ಬಂದಾಗಲೆಲ್ಲ ಗಂಡನಿಗೆ ಎಲ್ಲಿಂದಲೋ ಫೋನ್ ಬರುತ್ತೆ.

ನಮ್ಮದು ಕೊಪ್ಪಳದಲ್ಲಿ ಬೆಳೆಸಾಲ ಕೊಡುವ ಒಂದು ಸಣ್ಣ ಆಫೀಸು. ಹೆಸರು ಬೇಡ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಒಟ್ಟು ಹನ್ನೊಂದು ಜನ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತು, ಅದು ಸಿಕ್ಕಿತು. 50 ಜನ ಇದ್ದರೆ ಮಕ್ಕಳನ್ನು ಬಿಡೋಕೆ ಶಿಶುಪಾಲನಾ ಕೋಣೆ ಕೊಡಬೇಕು, ನಮ್ಮಲ್ಲಿ 39 ಜನ ಕಮ್ಮಿ. ಮಗುವಿಗೆ 15 ತಿಂಗಳಾಗುವವರೆಗೆ ಊಟದ ಬಿಡುವಲ್ಲದೆ ದಿನಕ್ಕೆ ಇನ್ನೆರಡು ಬಿಡುವು ಕೊಡಬೇಕು ಅಂತ 1961ರ ಕಾಯ್ದೆಯಲ್ಲೇ ಬರೆದಿದ್ದರು. ಇದನ್ನು ಮ್ಯಾನೇಜರಿಗೆ ತೋರಿಸಿದಾಗ ಅವರು ಕಾಗದವನ್ನು ತಿರುಗಿಸಿ ಹಿಂದುಗಡೆಯೂ ನೋಡಿದರು, ರದ್ದಾಗಿದೆ ಅಂತ ಅಲ್ಲಿ ಎಲ್ಲಾದರೂ ಬರೆದಿರಬಹುದು ಅಂತಲೋ ಏನೋ. ಒಳ್ಳೆಯವರು. ಒಪ್ಪಿಕೊಂಡರು. ಬಿಡುವು ಕೊಡಬೇಕು ಅಂತ ಬರೆದವರು ಬಾಗಿಲಿಗೆ ಚಿಲಕವೂ ಇರಬೇಕು ಅಂತ ಒಂದು ಮಾತು ಸೇರಿಸಿದ್ದರೆ ಚೆನ್ನಾಗಿತ್ತು.

ಯಾಕಂದ್ರೆ ಪಂಪ್ ಮಾಡೋಕೆ ನನಗೆ ಸಿಕ್ಕಿದ್ದು ರೆಕಾರ್ಡ್ ರೂಮು. ನೆಲದಿಂದ ಸೂರಿನವರೆಗೆ ಹಳೇ ಲೆಡ್ಜರು, ಗೆದ್ದಲು ತಿಂದ ಪಹಣಿ, ಒಂದು ಕಾಲು ಮುರಿದ ಕುರ್ಚಿ. ಚಿಲಕ ಇಲ್ಲ, ಒಳಗಿನಿಂದ ಸುತಳಿ ಕಟ್ಟಿಕೊಳ್ಳಬೇಕು. ಎದುರು ಗೋಡೆಯಲ್ಲಿ ಮಾಜಿ ಅಧ್ಯಕ್ಷರ ದೊಡ್ಡ ಫೋಟೋ. ಹಾರ ಹಾಕಿಕೊಂಡು ನೇರ ನನ್ನನ್ನೇ ನೋಡುತ್ತಿದ್ದರು. ಮೊದಲ ದಿನವೇ ಅವರನ್ನು ಗೋಡೆ ಕಡೆ ತಿರುಗಿಸಿದೆ. ಮಾರನೇ ದಿನ ಯಾರೋ ಮತ್ತೆ ಸರಿ ಮಾಡಿದ್ದರು. ಹೀಗೇ ಎರಡು ವಾರ ನಡೆದ ಮೇಲೆ ಆಫೀಸಿನಲ್ಲಿ ಇದು ವಿರೋಧಿ ಬಣದವರ ಕೆಲಸ ಅಂತ ಮಾತು ಶುರುವಾಯಿತು. ನಾನು ಸುಮ್ಮನಿದ್ದೆ.

ನಿಜವಾದ ಕಷ್ಟ ಸಪ್ಪಳದ್ದು. ಪಂಪು ಅಂಗೈ ಅಗಲದ್ದಾದರೂ ಹಿಟ್ಟಿನ ಗಿರಣಿಯ ತಮ್ಮನ ಥರ ಗುರ್ರ್-ಟಕ್, ಗುರ್ರ್-ಟಕ್ ಅಂತಿತ್ತು. ಸಾಲಕ್ಕೆ ಬಂದ ರೈತರು ರೆಕಾರ್ಡ್ ರೂಮಿನ ಹೊರಗಿನ ಬೆಂಚಿನ ಮೇಲೆಯೇ ಕೂರುತ್ತಾರೆ. ಅದೇನ್ರೀ ಸಪ್ಪಳ ಅಂತ ಯಾರೋ ಕೇಳಿದ್ದಕ್ಕೆ ನಮ್ಮ ಅಟೆಂಡರ್ ಅಣ್ಣ ನನ್ನ ಮರ್ಯಾದೆ ಉಳಿಸೋಕೆ, "ಮ್ಯಾಲಿನ ಟಾಕಿಗೆ ನೀರು ಏರಸಾಕತ್ತೇವ್ರಿ" ಅಂದುಬಿಟ್ಟರು. ರೈತರ ಮುಂದೆ ಮೋಟರಿನ ಸುಳ್ಳು ಹೇಳಬಾರದು ಅನ್ನೋದು ಅವರಿಗೆ ಹೊಳೆಯಲಿಲ್ಲ.

ಕಿನ್ನಾಳ ಕಡೆಯ ಒಬ್ಬ ಯಜಮಾನರು ಬರುತ್ತಿದ್ದರು. ಹಳ್ಳದ ದಂಡೆಗೆ ಹೊಲ, ತಲೆಗೆ ರುಮಾಲು, ಸಾಲದ ರಿನೀವಲ್‌ಗೆ ಅಂತ ನಾಲ್ಕೈದು ಸಲ ಅಲೆದಿದ್ದರು. ಒಂದು ದಿನ ನಾನು ಒಳಗೆ ಸುತಳಿ ಕಟ್ಟಿಕೊಂಡು ಕೂತಿದ್ದೇನೆ, ಬಾಗಿಲ ಆಚೆಯಿಂದ ಅವರ ದನಿ.

"ತಮ್ಮಾ, ಈ ಮೋಟ್ರಕ್ಕ ಹವಾ ಹಿಡದೈತಿ."

ಅಟೆಂಡರ್ ಅಣ್ಣ ಏನೂ ಅನ್ನಲಿಲ್ಲ.

"ಕೇಳ್ ಇಲ್ಲಿ. ಗುರ್ರ್ ಅಂತೈತಿ, ಎಳಿಯಂಗಿಲ್ಲ. ನೀರು ಹತ್ತಿದ್ರ ಸಪ್ಪಳ ಬ್ಯಾರೆ. ಇದು ಒಣಾ ಸಪ್ಪಳ."

ನಾನು ಬಾಟಲಿ ನೋಡಿದೆ. ಹತ್ತು ನಿಮಿಷದಿಂದ ತಳ ಸಹ ಮುಚ್ಚಿರಲಿಲ್ಲ.

"ಫುಟ್‌ವಾಲ್ ಹೋಗೇತಿ ತಗೋ. ಇಲ್ಲಾಂದ್ರ ವಾಸರ್ ಹರದೈತಿ. ಯಾರ್ ಕುಂತಾರ ಒಳಗ? ಮೇಡಮ್ಮಾರೇನು? ಪಾಪ, ಅವರಿಗೇನ್ ಗೊತ್ತಾಕೈತಿ ಮೋಟ್ರಿಂದು. ಬಾಗ್ಲಾ ತಗಿ, ಒಂದ್ ಚೂರು ನೀರ್ ಹಾಕಿ ಕೊಡತೇನಿ, ಹತ್ತತೈತಿ."

"ಬ್ಯಾಡ್ರಿ ಯಜಮಾನ್ರ, ಅದು, ಅದು ಕಂಪನಿಯವ್ರು ಬಂದ ಮುಟ್ಟಬೇಕ್ರಿ, ವಾರಂಟಿ ಐತಿ!" ಅಂತ ಅಟೆಂಡರ್ ಅಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದು ಬಾಗಿಲು ಕಿರ್ ಅಂದದ್ದರಿಂದಲೇ ಗೊತ್ತಾಯಿತು. ನಾನು ಒಂದು ಕೈಯಲ್ಲಿ ಸುತಳಿ, ಇನ್ನೊಂದು ಕೈಯಲ್ಲಿ ಬಾಟಲಿ ಹಿಡಿದುಕೊಂಡು ಉಸಿರು ಬಿಗಿ ಹಿಡಿದೆ. ಪಂಪ್ ಆಫ್ ಮಾಡಿದೆ.

"ಬಂದಾತು ನೋಡು," ಅಂದರು ಹೊರಗಿಂದ, ಬಹಳ ಬೇಜಾರಿನಲ್ಲಿ. "ಸುಟ್ಟ ಹೋತು."

ಹೊರಗೆ ಬಂದೆ. ಯಜಮಾನರು ನನ್ನ ಮುಖ ನೋಡಿ, ಮೋಟರು ಸುಟ್ಟ ಸಂಕಟ ಅಂತಲೇ ತಿಳಿದು, "ಇರಲಿ ಬಿಡ್ರಿ ಮೇಡಂ, ಕಬ್ಬಿಣದ್ದು" ಅಂತ ಸಮಾಧಾನ ಮಾಡಿದರು. ಆಮೇಲೆ ತಮ್ಮ ಖಾಲಿ ಬಾಟಲಿ ಮುಂದೆ ಹಿಡಿದು, "ಏರಿದ್ದರಾಗ ಒಂದ್ ಚೂರು ನಮಗೂ ತುಂಬಿಸಿ ಕೊಡ್ರಿ" ಅಂದರು. ಅಟೆಂಡರ್ ಅಣ್ಣ ಆ ಬಾಟಲಿ ಕಸಿದುಕೊಂಡು ಓಡಿದ ವೇಗದಲ್ಲಿ ನಮ್ಮ ಆಫೀಸಿನ ಒಂದು ಫೈಲೂ ಇವತ್ತಿನವರೆಗೆ ಓಡಿಲ್ಲ.

ಮನೆಗೆ ಬಂದು ಪಂಪ್ ಬಿಚ್ಚಿ ತೊಳೆಯುವಾಗ ನೋಡುತ್ತೇನೆ, ಬಾಟಲಿಯ ಮೇಲೆ ಕೂರುವ ಕಿರುಬೆರಳಿನ ತುದಿಯಷ್ಟು ಚಿಕ್ಕ ರಬ್ಬರಿನ ವಾಲ್ವು ಅಂಚಿನಲ್ಲಿ ಹರಿದಿತ್ತು. ಗಾಳಿ ಸೇರಿಕೊಂಡು ಎಳೆತ ಇಲ್ಲದಾಗಿತ್ತು. ವಾರದಿಂದ ಹಾಲು ಕಮ್ಮಿ ಆಯಿತು ಅಂತ ನಾನು ಒಬ್ಬಳೇ ಅತ್ತಿದ್ದೆ. ಯಜಮಾನರು ಬಾಗಿಲ ಆಚೆ ಕೂತೇ ಹೇಳಿದ್ದರು.

ಮನೆಯ ಕತೆ ಬೇರೆ. ಮಾವನವರ ಹೊಲ ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ. ಕೊನೆಭಾಗದವರ ಪಾಲಿಗೆ ನೀರು ಅಂದರೆ ಅರ್ಧ ನೀರು, ಅರ್ಧ ಪೇಪರ್ ಸುದ್ದಿ. ನಮ್ಮ ಜೊತೆ ಇರೋಕೆ ಬಂದ ಮೇಲೂ ದಿನಾ ಬೆಳಿಗ್ಗೆ ಡ್ಯಾಮಿನ ಮಟ್ಟ ಗಟ್ಟಿಯಾಗಿ ಓದಲೇಬೇಕು. ಒಳಹರಿವು ಎಷ್ಟು, ಹೊರಹರಿವು ಎಷ್ಟು, 1,633 ಅಡಿಗೆ ಇನ್ನೆಷ್ಟು ಬಾಕಿ. ನಲವತ್ತು ವರ್ಷ ಇದನ್ನೇ ಕೇಳಿದ ಅತ್ತೆಗೆ ನನ್ನ ಬಾಟಲಿಯೂ ಒಂದು ಡ್ಯಾಮಾಗಿಯೇ ಕಂಡಿರಬೇಕು. ಸಂಜೆ ನಾನು ಚಪ್ಪಲಿ ಬಿಡೋ ಮುಂಚೆ ಬ್ಯಾಗ್ ತೆಗೆದು, ಬಾಟಲಿಯನ್ನು ಕಿಟಕಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಗೆರೆ ಓದುತ್ತಿದ್ದರು. "ಇವತ್ತು 110. ನಿನ್ನೆ 130 ಇತ್ತು." ಮರುದಿನವೇ ಹಾಲು ಹೆಚ್ಚಲಿ ಅಂತ ಅಳವಿ ಪಾಯಸ, ಸಬ್ಬಸಗಿ ಪಲ್ಯ, ಪಲ್ಯದಲ್ಲಿ ಸಬ್ಬಸಗಿಗಿಂತ ಜಾಸ್ತಿ ಬೆಳ್ಳುಳ್ಳಿ. ಮಾವ ಪೇಪರಿನಿಂದ ತಲೆ ಎತ್ತದೆ, "ಹೂಳು ತುಂಬೈತಿ. ಕಟ್ಟಿದಾಗ 133 ಟಿಎಂಸಿ ಇತ್ತು, ಈಗ 105. ಎಲ್ಲಿಂದ ಬರಬೇಕು?" ಅಂದಾಗ ನನಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿತ್ತು. ಅವರು ಡ್ಯಾಮಿನ ಬಗ್ಗೆಯೇ ಹೇಳಿದ್ದು. ನೂರಕ್ಕೆ ನೂರು ಡ್ಯಾಮಿನ ಬಗ್ಗೆಯೇ.

ಬೇಸಿಗೆ ಬಂತು. ತೆಗೆದ ಹಾಲು 25 ಡಿಗ್ರಿಯಲ್ಲಿ ನಾಲ್ಕು ತಾಸಿನವರೆಗೆ ಹೊರಗಿಡಬಹುದು ಅಂತಾರೆ. ಕೊಪ್ಪಳದಲ್ಲಿ ಏಪ್ರಿಲ್ ತಿಂಗಳಲ್ಲಿ 25 ಡಿಗ್ರಿ ಇರೋದು ಎಟಿಎಂ ಒಳಗೆ ಮಾತ್ರ. ಐಸ್ ಪ್ಯಾಕು, ಕರೆಂಟು, ಫ್ರಿಜ್ಜಿನಲ್ಲಿ ಮ್ಯಾನೇಜರ ಮಜ್ಜಿಗೆ ಬಾಟಲಿ ಪಕ್ಕದಲ್ಲಿ ನನ್ನದು. ಬರೆದಷ್ಟೂ ಇದೆ, ಬಿಡಿ. ಮಗಳೇ ಲೋಟ ತಳ್ಳಿ ಅಜ್ಜಿಯ ರೊಟ್ಟಿ ಕಡೆ ಕೈ ಚಾಚೋಕೆ ಶುರು ಮಾಡಿದ ಮೇಲೆ ನಾನು ಮನೆಯಲ್ಲಿ ಹೇಳಿದೆ, ಇನ್ನು ಪಂಪ್ ಸಾಕು. ಎರಡನೇ ಬೆಳೆಗೆ ನೀರಿಲ್ಲ ಅಂತ ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನ ಆದಾಗ ಮಾವನ ಮುಖ ಹೇಗಾಗುತ್ತೋ ಅತ್ತೆಯ ಮುಖ ಹಾಗಾಯಿತು.

ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಒಂದೇ ಸಲ ನಿಲ್ಲಿಸಬೇಡಿ, ಮೊದಲು ಒಂದು ಹೊತ್ತು ಬಿಡಿ, ಕೆಲವು ದಿನ ಬಿಟ್ಟು ಇನ್ನೊಂದು, ಇಲ್ಲಾಂದ್ರೆ ಗಂಟು ಕಟ್ಟಿ ಜ್ವರ ಬರುತ್ತೆ. ನಾನು ಶಾಣ್ಯಾಳು. ಎರಡೂ ಹೊತ್ತು ಒಂದೇ ದಿನ ಬಿಟ್ಟೆ. ಅದೂ ಸೋಮವಾರ. ಭಾನುವಾರ ಇಡೀ ದಿನ ಮಗಳು ನನ್ನ ಮೇಲೇ ಬಿದ್ದುಕೊಂಡು ಕುಡಿದಿರುತ್ತಾಳೆ, ಮೈ ಅದೇ ಲೆಕ್ಕ ಹಿಡಿದು ಸೋಮವಾರವೂ ತಯಾರಿ ಮಾಡಿ ಇಟ್ಟಿರುತ್ತೆ. ಮಧ್ಯಾಹ್ನ ವಸೂಲಾತಿ ಮೀಟಿಂಗು. ಎದೆ ಕಲ್ಲು. ಅಷ್ಟರಲ್ಲಿ ಹೊರಗೆ ಕೌಂಟರಿನ ಹತ್ತಿರ ಯಾರದೋ ಕೂಸು ಅತ್ತಿತು.

2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು, ಗೇಟೇ ಕೊಚ್ಚಿಹೋಗಿ ನೀರು ನುಗ್ಗಿದ್ದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ. ಅದೇ ಆಯಿತು. ಅಲ್ಲಿ 33ರಲ್ಲಿ ಒಂದು ಹೋಗಿತ್ತು, ನನಗೆ ಇರೋದೇ ಎರಡು. ಕೈಗೆ ಸಿಕ್ಕ ಫೈಲನ್ನು ಎದೆಗೆ ಅವುಚಿಕೊಂಡೆ. ಅದು ಸುಸ್ತಿದಾರರ ಪಟ್ಟಿ. "ಆ ಪಟ್ಟಿ ಇಲ್ಲಿ ಕೊಡ್ರಿ," ಅಂದರು ಮ್ಯಾನೇಜರು. "ನಾನೇ ಓದ್ತೀನಿ ಸರ್," ಅಂದೆ. ಎದೆಗೆ ಒತ್ತಿಕೊಂಡ ಫೈಲಿನಿಂದ ಓದೋದು ಹೇಗೆ? ನೆನಪಿದ್ದ ಆರು ಹೆಸರು ಹೇಳಿದೆ. ಏಳನೆಯದು ನೆನಪಾಗದೆ ನಮ್ಮ ದೊಡ್ಡಪ್ಪನ ಹೆಸರು ಹೇಳಿಬಿಟ್ಟೆ. ಅವರು ಸಾಲವನ್ನೇ ಮಾಡಿಲ್ಲ.

ಡ್ಯಾಮಿಗೆ ವಾರದೊಳಗೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿದರು. ನನಗೆ ಮೂರು ವಾರ ಬೇಕಾಯಿತು. ಮತ್ತೆ ಮೊದಲಿಂದ ಶುರು. ಮೂರೂವರೆಯದ್ದು ಮೊದಲು ಬಿಟ್ಟೆ, ಹನ್ನೊಂದೂವರೆಯದ್ದನ್ನು ಹದಿನೈದು ನಿಮಿಷದಿಂದ ಹತ್ತಕ್ಕೆ, ಹತ್ತರಿಂದ ಐದಕ್ಕೆ ಇಳಿಸಿದೆ. ತೀರಾ ಬಿಗಿದರೆ ಕೈಯಲ್ಲೇ ಸ್ವಲ್ಪ ಹಗುರ ಮಾಡಿಕೊಳ್ಳೋದು, ಪೂರ್ತಿ ಖಾಲಿ ಮಾಡಬಾರದು. ಸೇದಿದಷ್ಟೂ ಊರುವ ಬಾವಿ ಇದು.

ಈಗ ಸರಿಹೋಗಿದೆ. ಹಗಲು ತಣ್ಣಗಿರುತ್ತೆ. ಸಂಜೆ ಸ್ಕೂಟಿ ಸಪ್ಪಳಕ್ಕೆ ಮಗಳು ಬಾಗಿಲಿಗೆ ತೂರಾಡುತ್ತಾ ಓಡಿ ಬಂದು, ಹೆಲ್ಮೆಟ್ ತೆಗೆಯೋಕೂ ಬಿಡದೆ ವೇಲ್ ಜಗ್ಗುತ್ತಾಳೆ. ಹಗಲಿನ ಬಾಕಿಯನ್ನು ರಾತ್ರಿ ಬಡ್ಡಿ ಸಮೇತ ವಸೂಲು ಮಾಡುತ್ತಾಳೆ, ನಮ್ಮ ಆಫೀಸಿನವರು ಕಲಿಯಬೇಕು. "ಬೇವಿನ ಎಲಿ ಅರದ ಹಚ್ಚವಾ, ಎರಡ ದಿನದಾಗ ಬಿಡತೈತಿ" ಅಂತ ಪಕ್ಕದ ಮನೆ ಅಮ್ಮ ಹೇಳಿದಾಗ ಉತ್ತರ ಕೊಟ್ಟಿದ್ದು ನಾನಲ್ಲ, ಅತ್ತೆ. "ನಿಮ್ಮ ಮನ್ಯಾಗ ಹಚ್ಚಿಕೊಳ್ರಿ" ಅಂದರು.

ಆದರೂ ಹನ್ನೊಂದೂವರೆಗೆ ಕಾಲು ತಾನಾಗೇ ರೆಕಾರ್ಡ್ ರೂಮಿನ ಕಡೆ ಹೊರಡುತ್ತೆ. ಇಡೀ ದಿನದಲ್ಲಿ ನಾನು ಸುಮ್ನೆ ಕೂರುತ್ತಿದ್ದುದು ಆ ಕಾಲು ಮುರಿದ ಕುರ್ಚಿಯಲ್ಲಿ ಮಾತ್ರ. ಹಾಲು ಬೇಗ ಇಳಿಯಲಿ ಅಂತ ಮೊಬೈಲಿನಲ್ಲಿ ಮಗಳ ಫೋಟೋ ನೋಡುತ್ತಾ ಕೂರುತ್ತಿದ್ದೆ, ಒಂದೇ ಫೋಟೋ, ಹಲ್ಲು ಬರೋ ಮುಂಚಿನದು. ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ತಾರೀಕು ಬರೆದ ಕೊನೇ ಚೀಲ ಇನ್ನೂ ಇದೆ, 60 ಎಂಎಲ್. ಜಾಗ ಇಲ್ಲ ಅಂತ ಅತ್ತೆ ಎರಡು ಸಲ ಬಟಾಣಿ ಹೊರಗೆ ತೆಗೆದರು, ಅದನ್ನು ಮುಟ್ಟಲಿಲ್ಲ.

ಇವತ್ತು ಊಟ ಆದ ಮೇಲೆ ಕಿನ್ನಾಳ ಕಡೆಯ ಯಜಮಾನರು ಬಂದಿದ್ದರು. ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಕಿವಿ ಕೊಟ್ಟು ಕೇಳಿದರು.

"ಮೋಟ್ರ ಸಪ್ಪಳನ ಇಲ್ಲಲ್ರೀ ಮೇಡಂ?"

"ಬಿಟ್ಟೀವ್ರಿ ಯಜಮಾನ್ರ."

"ಮತ್ತ ನೀರಿಗೆ?"

"ಈಗ ಕಾಲುವಿ ನೀರು ಸಿಗತೈತ್ರಿ, ಮುಂಜಾನಿ ಸಂಜಿ."

ಅವರು ತಲೆ ಆಡಿಸಿದರು. ಆಮೇಲೆ ಅಂಗಿ ಜೇಬಿಗೆ ಕೈ ಹಾಕಿ ಪೇಪರಿನಲ್ಲಿ ಸುತ್ತಿದ್ದ ಏನನ್ನೋ ನನ್ನ ಟೇಬಲ್ ಮೇಲೆ ಇಟ್ಟರು. ಬಳೆಯಷ್ಟು ದಪ್ಪನೆಯ ಕರೀ ರಬ್ಬರ್ ವಾಸರ್. ಹೊಚ್ಚ ಹೊಸದು.

"ಅವತ್ತಿಂದ ಜೇಬಿನ್ಯಾಗ ಇಟ್ಕೊಂಡ್ ಅಡ್ಡಾಡೇನಿ. ಇರಲಿ ಇಟ್ಕೊಳ್ರಿ, ಕಾಲುವಿ ನೀರು ನಂಬಾಕ ಬರಂಗಿಲ್ಲ."

ದುಡ್ಡು ಎಷ್ಟು ಅಂತ ಕೇಳಿದೆ. ಕೈ ಬೀಸಿ, ರಿನೀವಲ್ ಎಲ್ಲಿಗೆ ಬಂತು ಅಂದರು.