ನಿಜವಾದ ಹೊಡೆದಾಟದಲ್ಲಿ

ಕರಾಟೆಯವರನ್ನು ಕಂಡರೆ ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ. "ನಿಜವಾದ ಹೊಡೆದಾಟದಲ್ಲಿ ಇದೆಲ್ಲ ನಡೆಯುತ್ತಾ?" ಮೊನ್ನೆ ಒಬ್ಬರು ಸೋಫಾದಲ್ಲಿ ಒರಗಿಕೊಂಡೇ ಕೇಳಿದರು. ಎದ್ದು ಕೂರುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಈ ಮಾತು ಬಂದಾಗಲೆಲ್ಲ 1993ರ ಮೊದಲ ಯುಎಫ್‌ಸಿಯನ್ನು, ಅಂದರೆ ಬೇರೆಬೇರೆ ಹೊಡೆದಾಟದ ವಿದ್ಯೆಯವರು ಎದುರುಬದುರಾದ ಅಮೆರಿಕದ ಪಂದ್ಯಾವಳಿಯನ್ನು, ಎಳೆದು ತರುತ್ತಾರೆ. ಅಲ್ಲಿ ಒಬ್ಬ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ. ನೆಲದ ಮೇಲಿನ ಪಟ್ಟುಗಳಲ್ಲಿ ಪಳಗಿದ ಬ್ರೆಜಿಲ್‌ನ ರಾಯ್ಸ್ ಗ್ರೇಸಿ ಎದುರಿಗೆ ಬಂದವರನ್ನೆಲ್ಲ ನೆಲಕ್ಕೆ ಕೆಡವಿ ಗೆದ್ದ. ಹಳೆಯ ವಿದ್ಯೆಗಳ ಕಥೆ ಮುಗಿಯಿತು ಅಂದರು. ಗ್ರೇಸಿ ಮನೆತನಕ್ಕೆ ಆ ಪಟ್ಟುಗಳು ಬಂದಿದ್ದು ಜಪಾನಿನ ಜೂಡೋ ಪಟುವೊಬ್ಬನಿಂದ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನನ್ನ ಮೆಚ್ಚಿನ ಪಂದ್ಯವೇ ಬೇರೆ. 1976ರ ಜೂನ್, ಟೋಕಿಯೋ. ಒಂದು ಕಡೆ ಹೆವಿವೇಟ್ ಚಾಂಪಿಯನ್ ಮುಹಮ್ಮದ್ ಅಲಿ, ಇನ್ನೊಂದು ಕಡೆ ಕುಸ್ತಿಪಟು ಆಂಟೋನಿಯೋ ಇನೋಕಿ. ಗಂಟೆ ಹೊಡೆದಿದ್ದೇ ತಡ, ಇನೋಕಿ ಜಾರಿಕೊಂಡು ಬಂದು ಅಲಿಯ ಕಾಲಿಗೆ ಒದ್ದ. ಆಮೇಲೆ ಬಿದ್ದ ಜಿರಳೆಯ ಹಾಗೆ ಅಂಗಾತ ಮಲಗಿಬಿಟ್ಟ. ಮಲಗಿಕೊಂಡೇ ಒದೆಯುತ್ತಾ ಹೋದ. ಅಲಿ ಸುತ್ತ ಕುಣಿದ, ರೇಗಿಸಿದ, ಏಳೋ ಅಂತ ಕೂಗಿದ. ಅವನು ಏಳಲಿಲ್ಲ. ಏಳಬೇಕಾದರೂ ಯಾಕೆ? ಎದ್ದರೆ ಅಲಿಯ ಗುದ್ದು, ಮಲಗಿದ್ದರೆ ಗುದ್ದೇ ಇಲ್ಲ. ಅಲಿ ಬಗ್ಗಿದರೆ ಕಾಲು ಇನೋಕಿಯ ಕೈಗೆ ಸಿಗುತ್ತದೆ. ಹೀಗೇ 15 ಸುತ್ತು! ಲೋಕವನ್ನೇ ನಡುಗಿಸಿದ ಆ ಮುಷ್ಟಿಯಿಂದ ಹೊರಟ ಗುದ್ದುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕೊನೆಗೆ ಡ್ರಾ. ಜನ ದುಡ್ಡು ವಾಪಸ್ ಕೊಡಿ ಅಂತ ಗಲಾಟೆ ಮಾಡಿದರು. ಅಲಿಯ ಕಾಲು ಊದಿಕೊಂಡಿತ್ತು. ಯಾವ ವಿದ್ಯೆ ಗೆದ್ದಿತು ಅಂತ ಯಾರಾದರೂ ಹೇಳಲಿ ನೋಡೋಣ.

ಪ್ರಶ್ನೆ ಕೇಳುವವರಿಗಿಂತ ಜಾಸ್ತಿ ಸಿಟ್ಟು ಬರುವುದು ಕೆಲವು ಗುರುಗಳ ಮೇಲೆ. 1882ರಲ್ಲಿ ಜೂಡೋ ಶುರು ಮಾಡಿದ ಜಿಗೊರೊ ಕಾನೊ ಅಪಾಯದ ಏಟುಗಳನ್ನು ಪಕ್ಕಕ್ಕಿಟ್ಟ. ಉಳಿದ ಪಟ್ಟುಗಳನ್ನು, ಬಿಟ್ಟುಕೊಡದ ಎದುರಾಳಿಯ ಮೇಲೆ ಪೂರ್ತಿ ಬಲ ಹಾಕಿ ದಿನಾ ಆಡಿಸಿದ. ಈ ಗುರುಗಳದ್ದು ತಿರುವುಮುರುವು. "ನಮ್ಮ ಏಟು ಬಿದ್ದರೆ ಪ್ರಾಣವೇ ಹೋಗುತ್ತೆ, ಅದಕ್ಕೇ ಅಭ್ಯಾಸದಲ್ಲಿ ಯಾರಿಗೂ ಹೊಡೆಯಲ್ಲ" ಅನ್ನುತ್ತಾರೆ.

ಯಾರಿಗೂ ಹೊಡೆಯದ ಏಟಿಗೆ ಪ್ರಾಣ ಹೋಗುತ್ತೆ ಅಂತ ಗೊತ್ತಾಗಿದ್ದು ಹೇಗೆ ಸ್ವಾಮಿ?